ಅಪ್ಪನಿಗೆ ಫೋನ್ ಮಾಡಿದ್ದು ನಾನೇ

ಕಳೆದ ವಾರ ಶಾಲೆಯ ವಾಟ್ಸಾಪ್ ಗುಂಪಿಗೆ ಮತ್ತದೇ ಸುತ್ತೋಲೆ ಬಿತ್ತು. ಬಾಲ್ಯವಿವಾಹದ ವಿರುದ್ಧ ಪ್ರತಿಜ್ಞೆ ಬೋಧಿಸಿ, ಜಿಪಿಎಸ್ ಫೋಟೊ ತೆಗೆದು, ಸಂಜೆ ನಾಲ್ಕರೊಳಗೆ ಗೂಗಲ್ ಶೀಟ್ ತುಂಬಬೇಕು. ಮಕ್ಕಳು ಕೈ ಚಾಚಿ ನಿಂತರು, ನಾನು ಓದಿದೆ, ಅವರು ಹೇಳಿದರು, ದೈಹಿಕ ಶಿಕ್ಷಕರು ಫೋಟೊ ಹೊಡೆದರು. ಲಿಂಕ್ ತೆರೆಯಲೇ ಇಲ್ಲ. ನಾಲ್ಕು ಗಂಟೆಗೆ ಇಲಾಖೆಯ ಸಂಪನ್ಮೂಲ ವ್ಯಕ್ತಿ (ಬಿಆರ್‌ಪಿ) ನಮ್ಮ ಶಾಲೆಯ ಹೆಸರಿಗೆ ಕೆಂಪು ಬಣ್ಣ ಬಳಿದು ಗುಂಪಿಗೆ ಹಾಕಿದರು.

ಆ ಪ್ರತಿಜ್ಞೆಯಲ್ಲಿ ತಂದೆ-ತಾಯಿ, ಸಮಾಜ, ಮೂಢನಂಬಿಕೆ ಎಲ್ಲ ಇದ್ದವು. ಶಾಲೆ ಮಾತ್ರ ಎಲ್ಲೂ ಇರಲಿಲ್ಲ. ನಾನು ಹತ್ತಿರದಿಂದ ನೋಡಿದ ಒಂದು ಮದುವೆ ಶುರುವಾಗಿದ್ದೇ ನಮ್ಮ ಸ್ಟಾಫ್‌ರೂಮಿನಿಂದ. ಅದನ್ನೇ ಬರೆಯುತ್ತೇನೆ. ಯಾವ ಊರು, ಯಾರ ಮಗಳು ಎಂದು ಕೇಳಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಬಿಡುವುದಿಲ್ಲ, ಬಿಟ್ಟಿದ್ದರೂ ನಾನು ಹೇಳುತ್ತಿರಲಿಲ್ಲ.

ಒಂಬತ್ತನೇ ತರಗತಿಗೆ ನಾನು ಕ್ಲಾಸ್ ಟೀಚರ್. ವರ್ಷದ ಮೂರನೇ ಕಿರು ಪರೀಕ್ಷೆ, ಎಫ್‌ಎ-3, ನಡೆಯುತ್ತಿತ್ತು. ಲೆಕ್ಕದ ನೋಟ್‌ಬುಕ್ ತಿದ್ದುವಾಗ ಒಬ್ಬ ಹುಡುಗಿಯ ಪುಸ್ತಕದಿಂದ ಚೀಟಿ ಜಾರಿತು. ಹತ್ತನೆಯವನೊಬ್ಬ ಬರೆದದ್ದು. ಒಂದೆರಡು ಸಾಲು, ಕೆಳಗೆ ಫೋನ್ ನಂಬರು, ಅಷ್ಟೇ. ಕೊಳಕು ಮಾತೇನೂ ಇರಲಿಲ್ಲ. ಸ್ಟಾಫ್‌ರೂಮಿನಲ್ಲಿ ತೋರಿಸಿದೆ. ತೋರಿಸಬಾರದಿತ್ತು. "ಪೋಕ್ಸೊ ಕಾಲ ಮೇಡಂ, ನಾಳೆ ಏನಾದರೂ ಆದರೆ ನಿಮ್ಮ ತಲೆಗೇ ಬರೋದು. ಪೋಷಕರ ಗಮನಕ್ಕೆ ತಂದು ಸುಮ್ಮನಾಗಿ" ಎಂದರು ಹಿರಿಯ ಸಹೋದ್ಯೋಗಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಆ ಕಾಯ್ದೆಗೂ ಈ ಚೀಟಿಗೂ ಸಂಬಂಧವೇ ಇಲ್ಲ ಎಂದು ಹೇಳುವಷ್ಟು ನಾನು ಓದಿಕೊಂಡಿದ್ದೆ. ಹೇಳಲಿಲ್ಲ. ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ತಾಯಿಯ ನಂಬರಿನ ಜಾಗ ಖಾಲಿ ಇತ್ತು, ತಂದೆಯದಿತ್ತು. ಮಾಡಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಟ್ರ್ಯಾಕ್ಟರ್ ಸದ್ದು. ಆಮೇಲೆ ಬಹಳ ಮೆತ್ತಗೆ, "ಒಳ್ಳೇದು ಮಾಡಿದ್ರಿ ಮೇಡಮ್ಮೋರೆ, ಹೇಳಿದ್ದು" ಎಂದರು. ಕೂಗಾಡುತ್ತಾರೇನೋ ಎಂದು ಅಂಜಿದ್ದ ನನಗೆ ನಿರಾಳವಾಯಿತು. ತಿಳಿವಳಿಕೆಯ ಮನುಷ್ಯ ಎಂದುಕೊಂಡೆ. ಹುಡುಗನ ಮನೆಗೆ ಯಾರೂ ಫೋನ್ ಮಾಡಲಿಲ್ಲ. ದೈಹಿಕ ಶಿಕ್ಷಕರು ಮೈದಾನದಲ್ಲೇ ಕಿವಿ ಹಿಂಡಿ, "ಎಸ್‌ಎಸ್‌ಎಲ್‌ಸಿ ಕಡೆ ಗಮನ ಕೊಡೋ" ಎಂದು ಬಿಟ್ಟರು. ಈ ವ್ಯತ್ಯಾಸ ಆಗ ನಮ್ಮಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ, ಹೆಂಗಸಾದ ನನ್ನ ಕಣ್ಣಿಗೂ.

ಅವಳು ಬರುವುದು ನಿಂತಿತು. ಅಜ್ಜಿಗೆ ಹುಷಾರಿಲ್ಲವಂತೆ. ಎಂಟನೆಯವರೆಗಿನ ಮಗು ಸತತ ಏಳು ದಿನ ಬರದಿದ್ದರೆ ಕಾಗದದಲ್ಲಾದರೂ ಒಂದಷ್ಟು ಓಡಾಟ ಶುರುವಾಗುತ್ತದೆ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಮಾತು ಹದಿನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಹದಿನೈದರ ಹುಡುಗಿ ಯಾರ ಲೆಕ್ಕಕ್ಕೂ ಇಲ್ಲ, ಹದಿನೆಂಟಕ್ಕೆ ಇನ್ನೂ ಮೂರು ವರ್ಷ. ಹುಡುಗಿಯರನ್ನು ನಾವು ಕಳೆದುಕೊಳ್ಳುವುದು ಬಹುಪಾಲು ಈ ನಡುವಿನ ವರ್ಷಗಳಲ್ಲಿ. ನಾನೂ ಹಾಜರಿಯಲ್ಲಿ 'ಎ' ಹಾಕುತ್ತಾ ಹೋದೆ.

ಅದೇ ಹೊತ್ತಿಗೆ ಪ್ರತಿ ವಿದ್ಯಾರ್ಥಿಗೂ ಮಾಡಿಸಬೇಕಾದ ಗುರುತಿನ ಸಂಖ್ಯೆ, ಅಪಾರ್ ಐಡಿಯ ಕಾಟ. ಆಧಾರ್‌ನ ಹೆಸರು, ಜನ್ಮದಿನಾಂಕ ಶಾಲೆಯ ದಾಖಲೆಗೆ ಕೂದಲೆಳೆಯಷ್ಟು ತಪ್ಪಿದರೂ ಐಡಿ ಹುಟ್ಟುವುದಿಲ್ಲ. ದಿನವೂ ಬಾಕಿ ಪಟ್ಟಿ, ದಿನವೂ ವಿಡಿಯೊ ಕಾನ್ಫರೆನ್ಸ್. ಇವಳ ಸಾಲು ಕೆಂಪಾಗಿತ್ತು. ಆಧಾರ್ ಪ್ರಕಾರ ಅವಳು ನಮ್ಮ ದಾಖಲಾತಿ ಪುಸ್ತಕಕ್ಕಿಂತ ಹತ್ತಿರ ಹತ್ತಿರ ಮೂರು ವರ್ಷ ದೊಡ್ಡವಳು. ಹಿಂದೆ ಯಾವುದೋ ಶಿಬಿರದಲ್ಲಿ ಬಾಯಿಮಾತಿನಲ್ಲಿ ಹೇಳಿದ ದಿನಾಂಕ ಇರಬೇಕು. "ಆಧಾರ್‌ಗೆ ಹೊಂದಿಸಿ ಮುಗಿಸ್ರೀ, ಶೇಕಡಾ ನೂರು ಆಗ್ಬೇಕು" ಎಂದು ಮೇಲಿನವರು ಬಾಯಲ್ಲಿ ಹೇಳಿದ್ದರು. ಕಾಗದದಲ್ಲಿ ಹೇಳುವವರಲ್ಲ. ತಿದ್ದುಪಡಿಯ ಮನವಿ ಬರೆದು ಫೈಲಿನಲ್ಲಿ ಇಟ್ಟಿದ್ದೆ. ಎಫ್‌ಎ ಅಂಕ ಏರಿಸುವ ಗಲಾಟೆಯಲ್ಲಿ ಅದು ಮುಂದೆ ಹೋಗಲಿಲ್ಲ. ಇಲಾಖೆಗೆ ನಾನು ಸಲ್ಲಿಸಿದ ಅತಿ ದೊಡ್ಡ ಸೇವೆ ಆ ಸೋಮಾರಿತನವೇ ಇರಬೇಕು.

ನಡುವೆ ಅವಳ ಸೋದರಮಾವ ಟಿಸಿ ಕೇಳಿಕೊಂಡು ಬಂದರು. ಬೇರೆ ಕಡೆ ಸೇರಿಸುತ್ತಾರಂತೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬನ್ನಿ ಎಂದೆ.

ಶುಕ್ರವಾರ ಸಂಜೆ ಅವಳ ಪಕ್ಕ ಕೂರುವ ಹುಡುಗಿ ನನ್ನ ಮೇಜಿನ ಸುತ್ತಲೇ ಸುಳಿದಾಡುತ್ತಿದ್ದಳು. "ಮಿಸ್, ಅವಳು ಇನ್ನು ಬರಲ್ವಂತೆ. ಭಾನುವಾರ ಇದೆಯಂತೆ." ಏನಿದೆ ಎಂದರೆ, "ಅದೇ ಮಿಸ್" ಎಂದಳು. ನಿಶ್ಚಿತಾರ್ಥ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಪೊಲೀಸರು, ಶಿಶು ಅಭಿವೃದ್ಧಿ ಅಧಿಕಾರಿ (ಸಿಡಿಪಿಒ) ಎಂದೆಲ್ಲ ಹೋದರೆ ಊರು ತಿರುಗಿ ಬೀಳುತ್ತದೆ. ಆ ತಂದೆ ನನ್ನ ಮಾತಿಗೆ ಬೆಲೆ ಕೊಡುವವರು, ಶನಿವಾರ ಬೆಳಗಿನ ತರಗತಿ ಮುಗಿಸಿ ಮನೆಗೆ ಹೋಗಿ ಕೂತು ಹೇಳಿದರೆ ಕೇಳುತ್ತಾರೆ. ಹೀಗೆ ನನ್ನ ಲೆಕ್ಕ. ಶನಿವಾರ ತರಬೇತಿಗೆ ಹಾಕಿದರು, ಒಒಡಿ, ಅಂದರೆ ಅನ್ಯ ಕರ್ತವ್ಯ. ಸೋಮವಾರ ಹೋದರಾಯಿತು ಎಂದುಕೊಂಡೆ.

ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದರು. ಯಾರೆಂದು ಅವರು ಹೇಳುವುದಿಲ್ಲ, ನಾನೂ ಕೇಳಿಲ್ಲ. ಊಹೆ ಇದೆ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಸಹಾಯವಾಣಿ ಅದು. 2023ರಲ್ಲಿ ಸರ್ಕಾರ ನೇರವಾಗಿ ವಹಿಸಿಕೊಂಡು ತುರ್ತು ಸಂಖ್ಯೆ 112ರ ಜೊತೆ ಜೋಡಿಸಿದಾಗ, ಇನ್ನು ಕರೆ ಎತ್ತುವವರು ಇರುತ್ತಾರೋ ಇಲ್ಲವೋ ಎಂದು ಸ್ಟಾಫ್‌ರೂಮಿನಲ್ಲಿ ಗೊಣಗಿದವಳು ನಾನು. ಎತ್ತಿದ್ದರು. ನಮ್ಮ ಕಾಂಪೌಂಡಿನ ಮೇಲೆ ನಾವೇ ಬರೆಸಿ, ಫೋಟೊ ತೆಗೆದು, ಅಪ್‌ಲೋಡ್ ಮಾಡಿ ಮರೆತ ನಂಬರು. ಮಕ್ಕಳು ಅದನ್ನು ಓದುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗನವಾಡಿ ಮೇಲ್ವಿಚಾರಕಿಯ ಫೋನ್ ಬಂತು. ಚಪ್ಪರ ಹಾಕಿದ ಮನೆ ಮುಂದೆ ಅವರು, ಪಿಡಿಒ, ಒಬ್ಬ ಎಎಸ್‌ಐ, ಇಬ್ಬರು ಪೇದೆಗಳು. ತಂದೆ ಆಧಾರ್ ಕಾರ್ಡ್ ಮುಂದೆ ಹಿಡಿದಿದ್ದಾರೆ, ಹದಿನೆಂಟು ತುಂಬಿದೆ ಎಂದು ಸರ್ಕಾರದ ಕಾರ್ಡೇ ಹೇಳುತ್ತಿದೆ. "ಮೇಡಂ, ನಿಮ್ಮ ದಾಖಲೆ ಬೇಕು, ಈಗಲೇ. ಹನ್ನೊಂದು ಚಿಲ್ಲರೆಗೆ ಮುಹೂರ್ತ."

ಕಾನೂನು ನಮ್ಮ ಕಡೆಗೇ ಇತ್ತು. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ಮೊದಲು ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ-ನಗರಸಭೆಯ ಜನನ ಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. ಆಧಾರ್ ಆ ಸಾಲಿನಲ್ಲೇ ಇಲ್ಲ. ಜನ್ಮದಿನಾಂಕಕ್ಕೆ ಆಧಾರ್ ಪುರಾವೆಯಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತ್ತು. ಆದರೆ ವಾಲಗ ಊದುತ್ತಿರುವ ಚಪ್ಪರದಡಿ ಸೆಕ್ಷನ್ ಯಾರಿಗೆ ಬೇಕು? ಅವರಿಗೆ ಬೇಕಿದ್ದದ್ದು ಕಾಗದ.

ಸ್ಯಾಟ್ಸ್ ತೆರೆದೆ. ಒಟಿಪಿ ಹೋಗುವುದು ಮುಖ್ಯ ಶಿಕ್ಷಕರ (ಎಚ್‌ಎಂ) ಫೋನಿಗೆ. ಅವರು ನೆಂಟರ ಗೃಹಪ್ರವೇಶದಲ್ಲಿ, ಫೋನ್ ವ್ಯಾಪ್ತಿ ಪ್ರದೇಶದ ಹೊರಗೆ. ಶಾಲೆಯ ಬೀಗದ ಕೈ ಗುಮಾಸ್ತನ (ಎಸ್‌ಡಿಎ) ಬಳಿ. ಆತ ಹೊಲದಿಂದ ಹಾಗೆಯೇ ಬೈಕಿನಲ್ಲಿ ಬಂದ, ಕಾಲಿನ ತುಂಬ ಕೆಸರು. ಗೇಟು, ವರಾಂಡ, ಆಫೀಸು. ಬೀರುವಿನ ಬೀಗ ಸಿಕ್ಕಿಕೊಂಡಿತು. ಎಣ್ಣೆ ಹಾಕಿಸಿ ಎಂದು ಯಾವ ಕಾಲದಿಂದ ಹೇಳುತ್ತಿದ್ದೆವು, ಅನುದಾನದಲ್ಲಿ ಅದಕ್ಕೆ ಶೀರ್ಷಿಕೆ ಇಲ್ಲವಂತೆ. ಆತ ಕಲ್ಲಿನಿಂದ ಕುಟ್ಟುತ್ತಿದ್ದ, ನನ್ನ ಫೋನ್ ಹೊಡೆದುಕೊಳ್ಳುತ್ತಿತ್ತು. "ಎಲ್ಲಿದ್ದೀರಿ ಮೇಡಂ? ಹುಡುಗಿಯನ್ನ ಕರ್ಕೊಂಡು ಬರ್ತಿದ್ದಾರೆ."

ಬೀಗ ಬಿಟ್ಟಿತು. ಪುಟ ಸಿಕ್ಕಿತು. ಫೋಟೊ ತೆಗೆದು ಕಳಿಸಿದೆ. ಒಂದೇ ಟಿಕ್. ಆ ಬೂದು ಟಿಕ್ಕನ್ನು ನೋಡುತ್ತಾ ನಿಂತ ಹೊತ್ತು ನನ್ನ ನೌಕರಿಯಲ್ಲೇ ಉದ್ದನೆಯದು. ಎಎಸ್‌ಐ ಸಾಹೇಬರು ಇನ್ನರ್ಧ ಗಂಟೆ ಕಾದು ಎದ್ದು ಹೋದರೆ ಆಶ್ಚರ್ಯವಿಲ್ಲ, ಅವರ ಮುಖದಲ್ಲಿ ಮೊದಲಿಂದಲೂ ಅದೇ ಇದೆ ಎಂದು ಮೇಲ್ವಿಚಾರಕಿ ಹೇಳಿದ್ದರು. ನೀಲಿಯಾದ ಮೇಲೆ ಉತ್ತರ ಬಂತು: "ಸೀಲು, ಸಹಿ ಬೇಕಂತೆ." ಸೀಲು ಎಚ್‌ಎಂ ಡ್ರಾಯರಿನಲ್ಲಿ. ಡ್ರಾಯರಿನ ಕೀ ಎಚ್‌ಎಂ ಜೇಬಿನಲ್ಲಿ.

ದಾಖಲಾತಿ ಪುಸ್ತಕ ಶಾಲೆಯಿಂದ ಆಚೆ ಹೋಗಕೂಡದು. ಸೇವೆಗೆ ಸೇರಿದ ಹೊಸದರಲ್ಲೇ ಎಲ್ಲರಿಗೂ ಹೇಳಿಕೊಡುವ ಪಾಠ ಅದು. ಎಸ್‌ಡಿಎ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಪುಸ್ತಕವನ್ನೇ ಸೆರಗಿನಲ್ಲಿ ಸುತ್ತಿಕೊಂಡು, ಕಂಕುಳ ಕೂಸಿನ ಹಾಗೆ ಅವಚಿಕೊಂಡು ಬೈಕ್ ಹತ್ತಿದೆ.

ಎಎಸ್‌ಐ ಸಾಲಿನ ಮೇಲೆ ಬೆರಳಾಡಿಸಿದರು. ಅಂಕಿಯಲ್ಲಿ, ಅಕ್ಷರದಲ್ಲಿ, ಎರಡು ಕಡೆ ಜನ್ಮದಿನಾಂಕ. ಕೆಳಗೆ ಸೇರಿಸುವಾಗ ತಂದೆಯೇ ಹಾಕಿದ ಸಹಿ. ಆ ಸಹಿ ನೋಡಿದ ಮೇಲೆ ತಂದೆ ಕಾರ್ಡನ್ನು ಜೇಬಿಗಿಟ್ಟರು. ಗಂಡಿನ ಕಡೆಯವರಿಗೆ ಮೇಲ್ವಿಚಾರಕಿ ಗಟ್ಟಿ ದನಿಯಲ್ಲಿ ಹೇಳಿದರು: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಂದ ತಿದ್ದುಪಡಿ ಪ್ರಕಾರ ಇಂಥ ಮದುವೆ ಮೊದಲಿಂದಲೇ ಅಸಿಂಧು. ಕನಿಷ್ಠ ಒಂದು ವರ್ಷ ಜೈಲು, ಎರಡರವರೆಗೂ ಆಗಬಹುದು, ಒಂದು ಲಕ್ಷದವರೆಗೆ ದಂಡ. ಜೈಲಿನ ಮಾತಿಗೆ ಅವರು ಅಷ್ಟಾಗಿ ಅಲುಗಲಿಲ್ಲ. ಮದುವೆಯೇ ಆದಂತಲ್ಲ ಎಂದಾಗ ಗಂಡಿನ ತಂದೆ ಎದ್ದು ಶಲ್ಯ ಕೊಡವಿದರು.

ಮುಚ್ಚಳಿಕೆ ಬರೆಸಿಕೊಂಡರು. ಮದುವೆಯ ಅಪಾಯದಲ್ಲಿರುವ ಮಗು ಎಂದರೆ ಪಾಲನೆ-ರಕ್ಷಣೆ ಬೇಕಾದ ಮಗು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಜೊತೆಗೆ ನಾನೂ ಹೋದೆ. ಅವಳ ಕೈಯಲ್ಲಿ ಹಸಿ ಮದರಂಗಿ. ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು, "ಅಪ್ಪನಿಗೆ ಯಾಕೆ ಫೋನ್ ಮಾಡಿದ್ರಿ ಮಿಸ್? ಆ ಚೀಟಿ ನಾನು ನೋಡೇ ಇರಲಿಲ್ಲ."

ಯಾರೋ ಅವಳ ಪುಸ್ತಕದಲ್ಲಿ ಸೇರಿಸಿದ್ದು. ಅವಳಿಗಿಂತ ಮೊದಲು ನಾನು ಓದಿದೆ. ಅವಳನ್ನು ಒಂದು ಮಾತು ಕೇಳಬಹುದಿತ್ತು. ಸ್ಟಾಫ್‌ರೂಮಿನ ಎಲ್ಲರನ್ನೂ ಕೇಳಿದ್ದೆ, ಅವಳೊಬ್ಬಳನ್ನು ಬಿಟ್ಟು. ತಂದೆ ಕೆಟ್ಟವರಲ್ಲ. ಹೈಸ್ಕೂಲು ಅವರ ಹಳ್ಳಿಯಿಂದ ದೂರ, ಸಂಜೆಯ ಬಸ್ಸು ಬಂದರೆ ಬಂತು. ಸಾಲ ಇತ್ತು. ವರದಕ್ಷಿಣೆ ಬೇಡ ಎಂದ ಸಂಬಂಧ ಮೊದಲೇ ಮನೆ ಬಾಗಿಲಿಗೆ ಬಂದು ಹೋಗಿತ್ತು. ಅವರು ಬೇಡ ಎಂದಿದ್ದರು. ನನ್ನ ಫೋನ್ ಆದ ಮೇಲೆ ಹೂಂ ಎಂದರು. ಇದನ್ನು ಹೇಳಿದ್ದು ಅವಳ ತಾಯಿ, ಬೈಯುವ ದನಿಯೂ ಇರಲಿಲ್ಲ.

ಜನವರಿ 26ಕ್ಕೆ ತಾಲ್ಲೂಕು ಮೈದಾನದಲ್ಲಿ ನನಗೊಂದು ಶಾಲು ಹೊದಿಸಿದರು, ಬಾಲ್ಯವಿವಾಹ ತಡೆದ ಶಿಕ್ಷಕಿ ಎಂದು. ಬೇಡ ಎನ್ನುವ ಧೈರ್ಯ ಸಾಲದೆ ಹೊದ್ದುಕೊಂಡೆ. ಮಾಸಿಕ ವರದಿಯಲ್ಲಿ 'ತಡೆಗಟ್ಟಿದ ಪ್ರಕರಣಗಳು' ಎಂಬ ಕಾಲಂ ಇದೆ. ಮದುವೆ ನಿಂತ ಹುಡುಗಿ ಈಗ ಶಾಲೆಗೆ ಬರುತ್ತಿದ್ದಾಳಾ ಎಂಬ ಕಾಲಂ ಇಲ್ಲ. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ, ಕಾಯ್ದೆ ತಿದ್ದಿದ್ದು ಆಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ನಮ್ಮ ರಾಜ್ಯದಲ್ಲಿ 2015-16ರಲ್ಲಿ ಶೇಕಡಾ 21.4, 2019-21ರಲ್ಲಿ 21.3. ಇಳಿದದ್ದು ಪಾಯಿಂಟ್ ಒಂದು. ಪ್ರತಿಜ್ಞೆಗಳ ಫೋಟೊ ಎಷ್ಟು ಜಿಬಿ ಆಗಿದೆಯೋ.

ನಮ್ಮ ಶಾಲೆಯಲ್ಲಿ ಕೆಲವು ಬದಲಾದವು, ಜಗಳವಾಡಿಯೇ. ಚೀಟಿ, ಫೋನು, ಬಸ್‌ಸ್ಟಾಪಿನ ಮಾತು ಏನೇ ಇದ್ದರೂ ಮೊದಲು ಮಗುವಿನ ಜೊತೆ ಮಾತು, ಸ್ಟಾಫ್‌ರೂಮಿನ ಹೊರಗೆ. ಮನೆಗೆ ತಿಳಿಸಲೇಬೇಕಾದರೆ ತಾಯಿಗೆ, ಎದುರು ಕೂತು. ಸ್ಯಾಟ್ಸ್‌ನಲ್ಲಿ ತಾಯಿಯ ನಂಬರ್ ತುಂಬಿಸಿದ್ದೇವೆ. ಹಲವರ ಬಳಿ ಫೋನೇ ಇಲ್ಲ, ಅಲ್ಲಿ ಅಕ್ಕಪಕ್ಕದ ಆಶಾ ಕಾರ್ಯಕರ್ತೆಯ ನಂಬರ್. ಒಂಬತ್ತು-ಹತ್ತರ ಹುಡುಗಿಗೆ ಟಿಸಿ ಕೇಳಿದರೆ ಸೇರುವ ಶಾಲೆಗೆ ನಾವೇ ಫೋನ್ ಮಾಡುತ್ತೇವೆ. ದೈಹಿಕ ಶಿಕ್ಷಕರಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ನಾಳೆ ಹುಡುಗಿ ಓಡಿಹೋದರೆ ಯಾರು ಜವಾಬ್ದಾರಿ ಎನ್ನುತ್ತಾರೆ. ಅವರ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅವರು ಕಿವಿ ಹಿಂಡಿ ಬಿಟ್ಟ ಹುಡುಗ ಪಿಯುಸಿ ಓದುತ್ತಿದ್ದಾನೆ ಎಂಬುದಷ್ಟೇ ನನ್ನ ವಾದ.

ಅವಳಿಗೆ ತಾಲ್ಲೂಕು ಕೇಂದ್ರದ ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿತು. ಮೇಲ್ವಿಚಾರಕಿ ಬೆನ್ನುಬಿಡದೆ ಓಡಾಡಿದ್ದರಿಂದ ಸಿಕ್ಕಿದ್ದು, ಪೋರ್ಟಲ್‌ನಿಂದಲ್ಲ. ಈಗ ಅಲ್ಲಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿ. ಪ್ರತಿಭಾ ಕಾರಂಜಿಯಲ್ಲಿ ಎದುರಾದಾಗ ನನ್ನನ್ನು ಮಾತಾಡಿಸಲಿಲ್ಲ.

ಬೀರುವಿಗೆ ಹೊಸ ಬೀಗ ಬಂದಿದೆ, ನಮ್ಮ ಕೈಯಿಂದಲೇ ದುಡ್ಡು ಹಾಕಿ. ಅಪಾರ್ ಪಟ್ಟಿಯಲ್ಲಿ ನಮ್ಮ ಕೆಲವು ಸಾಲುಗಳು ಇನ್ನೂ ಕೆಂಪಾಗಿಯೇ ಇವೆ, ಹೆಚ್ಚಿನವು ಹುಡುಗಿಯರವು. ಹೊಂದಿಸಿ ಎಂದು ಫೋನ್ ಬಂದಾಗಲೆಲ್ಲ ಲಿಖಿತ ಆದೇಶ ಕಳಿಸಿ ಎನ್ನುತ್ತೇನೆ. ಇದುವರೆಗೆ ಒಂದೂ ಬಂದಿಲ್ಲ.