ಮೂರು ಅಡಿಯ ಕೆಳಗೆ ಬಂಡೆ

26 ಮಾರ್ಚ್ 2024, ಮಂಗಳವಾರ
ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಮುಂಗಾರಿಗೆ ಮಾವಿನ ಸಸಿ ಇಡಬೇಕೆಂದು ಬೆಳಿಗ್ಗೆಯಿಂದ ಹೊಲದಲ್ಲಿ ಗುಂಡಿ ತೆಗೆಸುತ್ತಿದ್ದೆ. ಮೂರನೆಯ ಗುಂಡಿ ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಗಡಾರಿ ಠಣ್ಣೆಂದು ಕಿಡಿ ಹಾರಿತು. "ಇನ್ನು ಆಗಲ್ಲ ಮೇಷ್ಟ್ರೇ, ಕೆಳಗೆಲ್ಲ ಬಂಡೆ" ಎಂದು ಆಳು ಬೆವರು ಒರೆಸಿಕೊಂಡು ಬದುವಿನ ಮೇಲೆ ಕುಳಿತ. ತಾರೀಖು ಮನಸ್ಸಿನಲ್ಲಿದ್ದುದರಿಂದ ನನಗೆ ಸಾಂಗ್‌ಶಕ್ ನೆನಪಾಯಿತು. 80 ವರ್ಷಗಳ ಹಿಂದೆ, ಎರಡನೆಯ ಮಹಾಯುದ್ಧದಲ್ಲಿ, ಇದೇ ದಿನದ ರಾತ್ರಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡಿನಲ್ಲಿ ಉಳಿದಿದ್ದವರು ಮಣಿಪುರದ ಆ ಗುಡ್ಡವನ್ನು ಬಿಟ್ಟು ಇಳಿದರು. ಅಲ್ಲಿಯೂ ಮೂರು ಅಡಿ ಅಗೆದರೆ ಬಂಡೆಯೇ ಸಿಗುತ್ತಿತ್ತು.

ಈ ಬ್ರಿಗೇಡ್ ಕಟ್ಟಿದ್ದು 1941ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ. ಬ್ರಿಟಿಷ್, ಭಾರತೀಯ ಮತ್ತು ಗೂರ್ಖಾ ಸೈನಿಕರ ಒಂದೊಂದು ಬೆಟಾಲಿಯನ್ ಅದರಲ್ಲಿತ್ತು. ಆರಂಭದಲ್ಲಿ ಪ್ಯಾರಾಚೂಟುಗಳಿಗೂ ವಿಮಾನಗಳಿಗೂ ಕೊರತೆಯಿತ್ತು. ಹಳೆಯ ವ್ಯಾಲೆನ್ಶಿಯಾ ವಿಮಾನಗಳಿಂದ ಹಾರುವುದನ್ನು ಕಲಿತರು. ತರಬೇತಿ ಶಾಲೆ ಮುಂದೆ ರಾವಲ್ಪಿಂಡಿಯ ಹತ್ತಿರದ ಚಕ್ಲಾಲಾಕ್ಕೆ ಹೋಯಿತು. ಶತ್ರುವಿನ ನಡುವೆ ಇಳಿದು, ನೆರವು ಬರುವವರೆಗೆ ಕೈಯಲ್ಲಿರುವುದರಲ್ಲೇ ನೆಲ ಬಿಡದೆ ನಿಲ್ಲುವುದು ಆ ವಿದ್ಯೆಯ ತಿರುಳು. 1944ರ ಮಾರ್ಚಿನಲ್ಲಿ ಕಾಡಿನ ಯುದ್ಧವನ್ನು ಕಲಿಯಲೆಂದು ಅವರನ್ನು ನಾಗಾ ಬೆಟ್ಟಗಳಿಗೆ ಕಳುಹಿಸಿದರು. ಆ ಪಾಠ ಮುಗಿಯುವ ಮೊದಲೇ ಕೊಹಿಮಾದತ್ತ ನುಗ್ಗುತ್ತಿದ್ದ ಜಪಾನೀ ಸೈನ್ಯ ಅವರಿಗೆ ಎದುರಾಯಿತು.

ಮಾರ್ಚ್ 19ರಂದು ಪಾಯಿಂಟ್ 7378 ಎಂಬ ಗುಡ್ಡದ ಮೇಲೆ ಬ್ರಿಗೇಡಿನ ಭಾರತೀಯ ಬೆಟಾಲಿಯನ್ನಾದ 152ನೆಯದರ ಒಂದೇ ಕಂಪನಿ, ಅಂದರೆ ಒಂದು ಸಣ್ಣ ತುಕಡಿ, ಮೊದಲ ಹೊಡೆತವನ್ನು ತಡೆಯಿತು. ಮರುದಿನದ ಹೊತ್ತಿಗೆ ಆ ಕಂಪನಿ ಬಹುತೇಕ ಅಳಿದಿತ್ತು. ಉಳಿದ ಬ್ರಿಗೇಡ್ ಸಾಂಗ್‌ಶಕ್ ಹಳ್ಳಿಯ ಗುಡ್ಡದಲ್ಲಿ ಸೇರಿತು. ಅವರ ಜೊತೆಗೆ ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ನಾಲ್ಕನೆಯ ಬೆಟಾಲಿಯನ್ ಕೂಡ ಇತ್ತೆಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಅವರಿಗೆ ಮುಳ್ಳುತಂತಿ ಇರಲಿಲ್ಲ, ಗುಡ್ಡದ ಮೇಲೆ ನೀರಿನ ಸೆಲೆಯಿರಲಿಲ್ಲ. ವಿಮಾನದಿಂದ ಎಸೆದ ಸಾಮಗ್ರಿಯಲ್ಲಿ ಬಹುಪಾಲು ಶತ್ರುವಿನ ಪಾಲಾಯಿತು. ಹಾರುವುದಕ್ಕೆಂದೇ ತಯಾರಾದವರ ಕಣ್ಣೆದುರಿಗೆ, ಯಾರಿಗಾಗಿ ಬಂದವೋ ಅವರನ್ನು ಬಿಟ್ಟು ಆ ಪ್ಯಾರಾಚೂಟುಗಳು ಆಚೆಯ ಕಣಿವೆಗೆ ತೇಲಿಹೋಗುತ್ತಿದ್ದುದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ಆಳ ಸಾಲದ ಗುಂಡಿಗಳಲ್ಲಿ, ಸತ್ತ ಹೇಸರಗತ್ತೆಗಳ ನಾತದ ನಡುವೆ, ಗಾಯಾಳುಗಳನ್ನು ಪಕ್ಕದಲ್ಲೇ ಮಲಗಿಸಿಕೊಂಡು ಅವರು ಹಗಲಿರುಳು ಕಾದಿದರು.

ಕಾಡಿನ ತರಬೇತಿ ಅರ್ಧಕ್ಕೇ ನಿಂತದ್ದರಿಂದ ಈ ಬ್ರಿಗೇಡ್ ಸೋತಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸುತ್ತುವರಿದಾಗ ಕದಲದೆ ನಿಲ್ಲುವುದನ್ನು ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಲಿತಿದ್ದರು, ಅದನ್ನೇ ಮಾಡಿದರು. ಜಪಾನೀಯರು ಆ ಗುಡ್ಡದಲ್ಲಿ ಕಳೆದುಕೊಂಡ ದಿನಗಳಲ್ಲಿ ಇಂಫಾಲಕ್ಕೂ ಕೊಹಿಮಾಕ್ಕೂ ಪಡೆಗಳು ಬಂದು ಸೇರುತ್ತಿದ್ದವು. ಕೊಹಿಮಾದ ಮುತ್ತಿಗೆ ಆರಂಭವಾದದ್ದು ಏಪ್ರಿಲ್ 4ಕ್ಕೆ.

26ರ ಸಂಜೆ ಹಿಂದಕ್ಕೆ ಬರುವ ಅಪ್ಪಣೆ ಸಿಕ್ಕಿತು. ರಾತ್ರಿ ಹತ್ತೂವರೆಗೆ, ಹೊರಲು ಸಾಧ್ಯವಾದ ಗಾಯಾಳುಗಳನ್ನು ಹೊತ್ತುಕೊಂಡು, ಕತ್ತಲೆಯ ಕಾಡಿನಲ್ಲಿ ಅವರು ಇಂಫಾಲದ ಕಡೆಗೆ ನಡೆದರು.