ಅರಿಶಿನದ ಕಾಗದ ಮತ್ತು ರಿವೈಂಡಿಂಗ್ ಅಂಗಡಿಯ ತಂತಿ

ಫೆಬ್ರವರಿ 28 ಹತ್ತಿರ ಬಂತೆಂದರೆ ಫ್ಯಾನ್ಸಿ ಸ್ಟೋರಿನಲ್ಲಿ ಥರ್ಮೋಕೋಲ್ ಖಾಲಿ. ವಿಜ್ಞಾನ ದಿನಕ್ಕೆ ಮಾಡೆಲ್ ಬೇಕಲ್ಲ! ಸೌರಮಂಡಲ, ಮಳೆನೀರು ಕೊಯ್ಲು, ಆಮೇಲೆ ತಪ್ಪದೇ ಬರುವ ಜ್ವಾಲಾಮುಖಿ. ಅಡುಗೆ ಸೋಡಾಕ್ಕೆ ವಿನಿಗರ್ ಸುರಿದರೆ ನೊರೆ ಉಕ್ಕುತ್ತದೆ, ಅಷ್ಟೇ. ನಿಜವಾದ ಜ್ವಾಲಾಮುಖಿಯಲ್ಲಿ ಸೋಡಾನೂ ಇಲ್ಲ, ವಿನಿಗರೂ ಇಲ್ಲ, ಉಕ್ಕುವುದು ಕರಗಿದ ಕಲ್ಲು. ನೋಡೋಕೆ ಚೆಂದ, ಕಲಿಯುವುದು ತಪ್ಪು ಪಾಠ. ಅದೂ ಹೆಚ್ಚಿನ ಸಲ ಅಪ್ಪನೋ ಅಣ್ಣನೋ ರಾತ್ರಿ ಕೂತು ಅಂಟಿಸಿಕೊಟ್ಟದ್ದು.

ನಾನು ತಿಪಟೂರು ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಮಗು ತಾನು ಮಾಡಿದ್ದರಲ್ಲಿ ಏನಾದರೂ ಒಂದನ್ನು ಬದಲಿಸಿ ನೋಡುವ ಹಾಗಿರಬೇಕು. ಇಲ್ಲದಿದ್ದರೆ ಅದು ಕರಕುಶಲ, ವಿಜ್ಞಾನ ಅಲ್ಲ. ಬದಲಿಸೋಕೆ ಕೆಡಿಸುವ ಧೈರ್ಯ ಬೇಕು. ಸಾಮಾನು ಮನೆಯದೇ ಆಗಿದ್ದು, ಹಾಳಾದರೂ ಯಾರೂ ಬೈಯುವುದಿಲ್ಲ ಅಂತ ಗೊತ್ತಿದ್ದರೆ ಆ ಧೈರ್ಯ ತಾನಾಗಿ ಬರುತ್ತದೆ. ದುಬಾರಿ ಕಿಟ್ ಮುಂದಿಟ್ಟರೆ ಮಕ್ಕಳು ಮುಟ್ಟೋಕೇ ಹೆದರುತ್ತಾರೆ.

ನನ್ನ ಕೈಗೆ ಮೊದಲು ಬರುವುದು ಅರಿಶಿನ. ಅರಿಶಿನಪುಡಿಗೆ ಸ್ವಲ್ಪ ನೀರು ಹಾಕಿ ಕಲಸಿ, ಬಿಳಿ ಕಾಗದಕ್ಕೆ ತೆಳ್ಳಗೆ ಬಳಿದು, ನೆರಳಲ್ಲಿ ಒಣಗಿಸಿ, ಬೆರಳಗಲ ಪಟ್ಟಿ ಕತ್ತರಿಸಿದರೆ ಆಯಿತು. ಸೋಪಿನ ನೀರಿನ ಒಂದು ಹನಿ ಬಿದ್ದ ಕಡೆ ಪಟ್ಟಿ ಕೆಂಪಾಗುತ್ತದೆ. ಅದರ ಮೇಲೇ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಇದು ಯಾರಿಗೂ ಹೊಸದಲ್ಲ. ಸಾರು ಚೆಲ್ಲಿದ ಯೂನಿಫಾರ್ಮಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾಗುವುದನ್ನು ಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಆರತಿ ತಟ್ಟೆಯ ಕೆಂಪು ನೀರೂ ಇದೇ, ಅರಿಶಿನಕ್ಕೆ ಚಿಟಿಕೆ ಸುಣ್ಣ. ಇಲ್ಲಿಗೆ ನಿಲ್ಲಿಸಿದರೆ ಜಾದೂ ತೋರಿಸಿದಂತಾಗುತ್ತದೆ. ಅದಕ್ಕೇ ನಾನು ಪಟ್ಟಿಗಳನ್ನು ಮನೆಗೆ ಕೊಟ್ಟು ಕಳಿಸುತ್ತೇನೆ. ಅಡುಗೆಮನೆ, ಬಚ್ಚಲುಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಪರೀಕ್ಷೆ ಮಾಡಿ, ಆದರೆ ಹನಿ ಹಾಕುವ ಮುಂಚೆ ಬಣ್ಣ ಬದಲಾಗುತ್ತದೋ ಇಲ್ಲವೋ ಅಂತ ಬರೆದಿಡಿ ಎನ್ನುತ್ತೇನೆ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಮುಟ್ಟುವ ಹಾಗಿಲ್ಲ. ಸುಣ್ಣ ಮುಟ್ಟಿದ ಕೈ ತೊಳೆಯದೆ ಕಣ್ಣಿನ ಹತ್ತಿರ ಹೋಗಬಾರದು.

ಮಾರನೇ ದಿನ ಕ್ಲಾಸು ಗಲಾಟೆಯೋ ಗಲಾಟೆ. ಒಲೆಬೂದಿ ಕಲಸಿ ಸೋಸಿದ ನೀರಿಗೆ ಕೆಂಪಾಯಿತು ಅಂತ ಒಬ್ಬ. ವಾಷಿಂಗ್ ಸೋಡಾಕ್ಕೆ ಕಡುಗೆಂಪು ಅಂತ ಇನ್ನೊಬ್ಬಳು. ಜಗಳ ಹುಟ್ಟುವುದು ಶಾಂಪೂವಿನಲ್ಲಿ. ಸೋಪಿನ ಥರಾನೇ ನೊರೆ ಬರುತ್ತೆ, ಕೆಂಪಾಗಲೇಬೇಕು ಅಂತ ಎಲ್ಲರೂ ಬರೆದುಕೊಂಡಿರುತ್ತಾರೆ. ಆಗುವುದೇ ಇಲ್ಲ! ಬಟ್ಟೆ ಸೋಪಿನಲ್ಲಿ ಪಟ್ಟಿಯನ್ನು ಕೆಂಪಾಗಿಸುವ ಕ್ಷಾರ ಇದೆ, ಬಹಳಷ್ಟು ಶಾಂಪೂಗಳು ಸ್ವಲ್ಪ ಆಮ್ಲದ ಕಡೆಗೇ ಇರುತ್ತವೆ. ನೊರೆಗೂ ಕ್ಷಾರಕ್ಕೂ ಸಂಬಂಧ ಇಲ್ಲ ಅಂತ ಮಕ್ಕಳಿಗೆ ಗೊತ್ತಾಗುವುದು ತಾವೇ ಬರೆದ ಊಹೆ ಸುಳ್ಳಾದಾಗ. ಊಹೆ ಬರೆಸದೆ ಬರೀ ಫಲಿತಾಂಶ ಬರೆಸಿದರೆ ಈ ಜಗಳವೇ ಬರುವುದಿಲ್ಲ.

ಒಂದು ಸಲ ಏಳನೇ ಕ್ಲಾಸಿನ ಹುಡುಗಿ ಕೇಳಿದಳು: “ಮಿಸ್, ನೀರಿಗೂ ಹಳದಿ, ನಿಂಬೆಗೂ ಹಳದಿ. ಹಂಗಾದ್ರೆ ಎರಡೂ ಒಂದೇನಾ?” ಎಂಥ ಪ್ರಶ್ನೆ ನೋಡಿ. ಅರಿಶಿನಕ್ಕೆ ಕ್ಷಾರ ಮಾತ್ರ ಗೊತ್ತು. ಆಮ್ಲವನ್ನೂ ಸುಮ್ಮನಿರುವ ನೀರನ್ನೂ ಅದು ಬೇರೆ ಮಾಡಿ ಹೇಳುವುದಿಲ್ಲ. ಉತ್ತರಕ್ಕೆ ಶಾಲೆಯ ಬೇಲಿಯ ದಾಸವಾಳವೇ ಸಾಕಾಯಿತು. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ನೇರಳೆ ಬಣ್ಣ ಹತ್ತುತ್ತದೆ. ನಿಂಬೆ ತಾಗಿದರೆ ಗುಲಾಬಿಗೆಂಪು, ಸೋಪು ತಾಗಿದರೆ ಹಸಿರು. ನೀರಿಗೆ ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತದೆ. ಈ ಪ್ರಶ್ನೆ ಹುಟ್ಟುವ ತನಕ ನಾನು ದಾಸವಾಳ ತರುವುದಿಲ್ಲ. ಮೊದಲೇ ತಂದಿಟ್ಟರೆ ಅದು ಇನ್ನೊಂದು ಬಣ್ಣದಾಟ.

ಶಬ್ದದ ಪಾಠಕ್ಕೆ ಹಿಂದೆಲ್ಲ ಸ್ಟ್ರಾ ಪೀಪಿ ಮಾಡಿಸುತ್ತಿದ್ದೆ. ತುದಿ ಚಪ್ಪಟೆ ಮಾಡಿ, ಎರಡೂ ಕಡೆ ಓರೆಯಾಗಿ ಕತ್ತರಿಸಿ ಊದುವುದು. 2022ರ ಜುಲೈನಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಯಿತು. ಕಾಗದದ ಸ್ಟ್ರಾ ಎಂಜಲಿಗೆ ಮೆತ್ತಗಾಗಿ ಕೈಕೊಡುತ್ತದೆ. ನಮ್ಮ ಕಡೆ ತೆಂಗಿಗೇನು ಬರ! ಗರಿ ಸುತ್ತಿ ಪೀಪಿ ಮಾಡುವುದು ನನಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು. ನಾನು ಹೇಳುವುದು ಇಷ್ಟೇ: ಅಗಲದ ತುದಿಯಿಂದ ಒಂದೊಂದೇ ಸುತ್ತು ಬಿಚ್ಚುತ್ತಾ ಊದಿ. ಒಳಗಿನ ಗಾಳಿಯ ಉದ್ದ ಕಮ್ಮಿಯಾದಷ್ಟೂ ಸ್ವರ ಏರುತ್ತದೆ. ಪಕ್ಕದ ಕ್ಲಾಸಿನ ಮೇಷ್ಟ್ರಿಗೆ ಮೊದಲೇ ಒಂದು ಮಾತು ಹೇಳಿರಬೇಕು, ಅಷ್ಟೇ.

ಎಂಟನೇ ಕ್ಲಾಸಿಗೆ ಮೋಟಾರು. ಕಸದಿಂದ ಆಟಿಕೆ ಮಾಡುವುದಕ್ಕೆ ಹೆಸರಾದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರಿಂದಾಗಿ ಇದು ದೇಶದ ಎಷ್ಟೋ ಶಾಲೆಗಳಿಗೆ ಹೋಗಿದೆ. ಬೇಕಾದದ್ದು ಒಂದೂವರೆ ವೋಲ್ಟಿನ ದಪ್ಪ ಸೆಲ್, ಎರಡು ಸೇಫ್ಟಿ ಪಿನ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ, ಕೆಟ್ಟ ಸ್ಪೀಕರಿನ ಅಯಸ್ಕಾಂತ, ಎನಾಮಲ್ (ಕರೆಂಟು ದಾಟಗೊಡದ ತೆಳು ಲೇಪ) ಬಳಿದ ತಾಮ್ರದ ತಂತಿ. ಬೋರ್‌ವೆಲ್ ಮೋಟಾರು ಸುಟ್ಟುಹೋಗುವ ಊರಲ್ಲಿ ಅದಕ್ಕೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ. ಮಕ್ಕಳಿಗೆ ಅಂತ ಕೇಳಿದರೆ ತುಂಡು ತಂತಿಗೆ ಅವರು ದುಡ್ಡು ತಗೊಳ್ಳುವುದಿಲ್ಲ.

ತಂತಿಯನ್ನು ಸೆಲ್ಲಿನ ಸುತ್ತಲೇ ಹತ್ತು ಸುತ್ತು ಸುತ್ತಿ, ಆ ಸುರುಳಿಯನ್ನು ಹೊರತೆಗೆದು, ಎರಡು ತುದಿಗಳನ್ನು ಎದುರುಬದುರು ಹೊರಗೆ ಬಿಡಬೇಕು. ಪಿನ್ನುಗಳನ್ನು ಸೆಲ್ಲಿನ ಎರಡು ಕಡೆಗೆ ರಬ್ಬರಿನಿಂದ ಬಿಗಿದು, ಅವುಗಳ ಕಣ್ಣಿನಲ್ಲಿ ಸುರುಳಿ ಕೂರಿಸುವುದು. ಅಯಸ್ಕಾಂತ ಸೆಲ್ಲಿನ ಕವಚಕ್ಕೆ ತಾನೇ ಕಚ್ಚಿಕೊಳ್ಳುತ್ತದೆ. ಗುಟ್ಟು ಇರುವುದು ಎನಾಮಲ್ ಕೆರೆಯುವುದರಲ್ಲಿ. ಒಂದು ತುದಿಯನ್ನು ಸುತ್ತಲೂ ಕೆರೆಯಬೇಕು. ಇನ್ನೊಂದನ್ನು ಬೆಂಚಿನ ಮೇಲೆ ಒತ್ತಿ ಹಿಡಿದು ಮೇಲ್ಭಾಗ ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ಅತ್ತಿತ್ತ ತೂಗಾಡಿ ನಿಲ್ಲುತ್ತದೆ, ಏಕೆಂದರೆ ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಬಲವೇ ಉಳಿದರ್ಧ ಹಿಂದಕ್ಕೆ ತಳ್ಳುತ್ತದೆ. ಒಂದು ಬದಿ ಎನಾಮಲ್ ಉಳಿದರೆ ಆ ಅರ್ಧದಲ್ಲಿ ಕರೆಂಟೇ ಹರಿಯುವುದಿಲ್ಲ, ತಿರುಗಿದ ರಭಸದಲ್ಲೇ ಸುರುಳಿ ದಾಟಿಕೊಳ್ಳುತ್ತದೆ. ನಾನು ಇದನ್ನು ಮೊದಲೇ ಹೇಳುವುದಿಲ್ಲ. ಕ್ಲಾಸಿನಲ್ಲಿ ಅರ್ಧದಷ್ಟು ಗುಂಪಿಗೆ ಪೂರ್ತಿ ಕೆರೆಯೋಕೆ ಹೇಳುತ್ತೇನೆ, ಉಳಿದರ್ಧಕ್ಕೆ ಒಂದೇ ಬದಿ. ಆಮೇಲೆ ಅವರಿವರು ಎದ್ದು ಹೋಗಿ ಪರಸ್ಪರರ ತಂತಿ ನೋಡಿ ಬರಬೇಕು.

“ಬೋರ್ ಮೋಟ್ರಲ್ಲೂ ಹಿಂಗೇನಾ ಮಿಸ್?” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಅಲ್ಲಿ ಸ್ಪೀಕರಿನಲ್ಲಿರುವಂಥ ಅಯಸ್ಕಾಂತ ಇರುವುದಿಲ್ಲ, ಸುರುಳಿಗಳಲ್ಲಿ ಹರಿಯುವ ಎಸಿ ಕರೆಂಟೇ ಸುತ್ತುವ ಅಯಸ್ಕಾಂತದ ಕೆಲಸ ಮಾಡುತ್ತದೆ.

ಒಂದು ಎಚ್ಚರ. ಸುರುಳಿ ನಿಂತಾಗ ಸೆಲ್ ಶಾರ್ಟ್ ಆದಂತೆಯೇ, ಕೈ ಚುರುಕ್ ಅನ್ನುವಷ್ಟು ಬಿಸಿಯಾಗಬಹುದು. ತಿರುಗದಿದ್ದರೆ ಕೂಡಲೇ ಸುರುಳಿ ತೆಗೆಯಿಸಿ. ಗೋಡೆ ಗಡಿಯಾರದಿಂದ ತೆಗೆದ ಹಳೇ ಸೆಲ್ ತರಬೇಡಿ, ಈ ಮೋಟಾರಿಗೆ ಕರೆಂಟು ಜಾಸ್ತಿ ಬೇಕು. ಹಾಗಾಗಿ ಇಡೀ ಪಟ್ಟಿಯಲ್ಲಿ ದುಡ್ಡು ಕೊಟ್ಟು ತರುವುದು ಹೊಸ ಸೆಲ್ ಒಂದನ್ನೇ. ಅದನ್ನು ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಾಚಿಕೆ ಬಿಟ್ಟು ಕೇಳುತ್ತೇನೆ. ಕೇಳುವ ಮುಂಚೆ ಮೇಜಿನ ಮೇಲೆ ಒಂದು ಮೋಟಾರು ತಿರುಗಿಸಿ ಇಡುತ್ತೇನೆ. ಇದುವರೆಗೆ ಯಾರೂ ಇಲ್ಲ ಅಂದಿಲ್ಲ.