ಹಳೇ ಸಬ್‌ವೂಫರ್, ಸಣ್ಣ ಬಜೆಟ್: ಆರು ವಾರಗಳ ಕೆಲಸ

ಮೊದಲ ವಾರ

ನನ್ನ ಹೋಮ್ ಥಿಯೇಟರ್‌ನ ಸಬ್‌ವೂಫರ್, ಅಂದರೆ ಬೇಸ್ (ತಗ್ಗಿನ ಸ್ವರ) ನುಡಿಸುವ ಸ್ಪೀಕರ್ ಪೆಟ್ಟಿಗೆ, ಹಳೆಯದು. 10 ಇಂಚಿನ ಕೋನ್, ಮುಂದೆ ಗಾಳಿ ಹೋಗಿಬರುವ ಒಂದು ತೂತು (ಪೋರ್ಟ್), ಬೆನ್ನಿಗೆ ಅದರದ್ದೇ ಆಂಪ್ಲಿಫೈಯರ್. ಕೆಲವು ತಿಂಗಳಿಂದ ಮೂರು ತೊಂದರೆ ಕೊಡುತ್ತಿದೆ. ಸಿನಿಮಾ ನಿಲ್ಲಿಸಿದರೂ ಗುಂಯ್ ಎನ್ನುವ ಶಬ್ದ ನಿಲ್ಲುವುದಿಲ್ಲ. ರಾತ್ರಿ ಸಣ್ಣ ದನಿಯಲ್ಲಿ ನೋಡುವಾಗ ಪೆಟ್ಟಿಗೆ ನಿದ್ದೆಯಿಂದ (ಸಿಗ್ನಲ್ ಇಲ್ಲದಾಗ ತಾನೇ ಆಫ್ ಆಗುವ ಸ್ಥಿತಿಯಿಂದ) ಏಳುವುದೇ ಇಲ್ಲ. ಜೋರಾಗಿ ಇಟ್ಟರೂ ಸೋಫಾದಲ್ಲಿ ಕೂತವರಿಗೆ ಬೇಸ್ ಸಿಗುವುದಿಲ್ಲ. ಅದೇ ಬಾಗಿಲ ಬಳಿ ಹೋಗಿ ನಿಂತರೆ ಎದೆ ನಡುಗುತ್ತದೆ!

ಹೊಸದು ಕೊಳ್ಳುವಷ್ಟು ದುಡ್ಡು ಈಗಿಲ್ಲ. 12 ಇಂಚಿನ ಡ್ರೈವರ್ (ಕೋನ್, ಮ್ಯಾಗ್ನೆಟ್ ಸೇರಿದ ಸ್ಪೀಕರ್ ಭಾಗ) ಒಂದನ್ನು ತಂದು ಇದೇ ಪೆಟ್ಟಿಗೆಗೆ ಕೂರಿಸಿಬಿಡೋಣ ಎಂದು ಮೊದಲು ಅನ್ನಿಸಿತ್ತು. ಆದರೆ ಈ ಮೂರರಲ್ಲಿ ಒಂದಾದರೂ ಡ್ರೈವರ್‌ನ ತೊಂದರೆ ಹೌದಾ? ಅದು ಗೊತ್ತಾಗದೆ ದುಡ್ಡು ಬಿಚ್ಚುವುದು ಬೇಡ ಅಂದುಕೊಂಡೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆದೆ: ತಪ್ಪು ಪೆಟ್ಟಿಗೆಯದ್ದೋ, ರೂಮಿನದ್ದೋ?

ಡ್ರೈವರ್ ಪರೀಕ್ಷೆಗೆ ಅರ್ಧ ಗಂಟೆ ಸಾಕಾಯಿತು. ಕರೆಂಟ್ ತೆಗೆದು, ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ ಒಳಗೆ ಒತ್ತಿದೆ. ವಾಯ್ಸ್ ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ) ಉಜ್ಜುತ್ತಿದ್ದರೆ ಮರಳು ಕಾಗದ ತಿಕ್ಕಿದಂಥ ಸದ್ದು ಬರಬೇಕು. ಬರಲಿಲ್ಲ. ಅಂಚಿನ ರಬ್ಬರ್‌ನಲ್ಲಿ ಬಿರುಕಿಲ್ಲ. ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 3.4 ಓಮ್. 4 ಓಮ್ ಡ್ರೈವರ್‌ಗೆ ಇದು ಸರಿಯಾದ ಅಳತೆ. 1.5 ವೋಲ್ಟ್ ಸೆಲ್ ಒಂದನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ತಾಗಿಸಿದಾಗ ಕೋನ್ ಟಪ್ ಎಂದು ಮುಂದಕ್ಕೆ ಬಂತು. ಡ್ರೈವರ್ ಗಟ್ಟಿಮುಟ್ಟಾಗಿದೆ. ಅದನ್ನು ಬದಲಿಸುವ ಮಾತು ಅಲ್ಲಿಗೇ ಮುಗಿಯಿತು.

ಎರಡನೇ ಮತ್ತು ಮೂರನೇ ವಾರ: ಗುಂಯ್ ಶಬ್ದ

ಇದಕ್ಕೆ ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಇದೇ ತೊಂದರೆ ಇರುವವರು ಬಹಳ ಜನ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸಬ್‌ವೂಫರ್‌ಗೆ ಬರುವ ಸಿಗ್ನಲ್ ಕೇಬಲ್ ಕಿತ್ತೆ. ಸದ್ದು ಹೋದರೆ ತಪ್ಪು ಹೊರಗಿನದು: ಕೇಬಲ್ ಇರಬಹುದು, ಗ್ರೌಂಡ್ ಲೂಪ್ (ಎರಡು ಉಪಕರಣಗಳ ಅರ್ಥ್, ಕೇಬಲ್ ಮೂಲಕ ಸುತ್ತು ಕಟ್ಟಿಕೊಂಡು ಬರುವ ತೊಂದರೆ) ಇರಬಹುದು. ಸದ್ದು ಉಳಿದರೆ ಒಳಗಿನದು. ನನ್ನದು ಉಳಿಯಿತು. ಇನ್‌ಪುಟ್ ಖಾಲಿ ಬಿಟ್ಟಾಗ ಅದೇ ಒಂದು ಆಂಟೆನಾದಂತೆ ಗಾಳಿಯ ಗಲಾಟೆ ಹಿಡಿದುಕೊಳ್ಳಬಹುದು ಅಲ್ವಾ? ಅದಕ್ಕೆ ಒಂದು ಹಳೇ ಆರ್‌ಸಿಎ ಪ್ಲಗ್‌ನ ನಡುಪಿನ್ನನ್ನು ಹೊರಬಳೆಗೆ ಸೋಲ್ಡರ್ ಮಾಡಿ ಇನ್‌ಪುಟ್ಟಿಗೆ ಚುಚ್ಚಿದೆ. ಸದ್ದು ಹಾಗೇ ಇತ್ತು.

ಆಮೇಲೆ ಫೋನಿನಲ್ಲಿ ಯಾವ ಸ್ವರ ಎಷ್ಟು ಜೋರಿದೆ ಎಂದು ತೋರಿಸುವ ಒಂದು ಉಚಿತ ಸ್ಪೆಕ್ಟ್ರಮ್ ಆ್ಯಪ್ ತೆರೆದು ಕೋನ್ ಹತ್ತಿರ ಹಿಡಿದೆ. ಗೋಡೆಯ ಕರೆಂಟ್ 50 ಹರ್ಟ್ಝ್ ಇರುವಲ್ಲಿ ಗ್ರೌಂಡ್ ಲೂಪ್‌ನ ಗುಂಯ್ ಹೆಚ್ಚಾಗಿ 50ರಲ್ಲಿ ಕಾಣುತ್ತದೆ. ಆದರೆ ಆಂಪ್ಲಿಫೈಯರ್ ಒಳಗೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ, ಅಲ್ಲಿ ಉಳಿಯುವ ಏರಿಳಿತ ಎರಡರಷ್ಟು, ಅಂದರೆ 100 ಹರ್ಟ್ಝ್. (ಕರೆಂಟ್ 60 ಹರ್ಟ್ಝ್ ಇರುವ ಕಡೆ 60 ಮತ್ತು 120.) ನನ್ನ ಪರದೆಯಲ್ಲಿ ಎತ್ತರದ ಕಂಬ ನಿಂತದ್ದು ಸರಿಯಾಗಿ 100ರಲ್ಲಿ. ಅದನ್ನು ನೋಡಿದ ಖುಷಿ ಇನ್ನೂ ನೆನಪಿದೆ. ಆ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳೇ ಕೈಕೊಟ್ಟಿವೆ.

ಹಿಂದಿನ ತಟ್ಟೆ ಬಿಚ್ಚಿದೆ. 4700 ಮೈಕ್ರೊಫ್ಯಾರಡ್, 50 ವೋಲ್ಟ್‌ನ ಎರಡು ಕೆಪಾಸಿಟರ್. ಒಂದರ ತಲೆ ಉಬ್ಬಿತ್ತು. ಬುಡದಲ್ಲಿ ಕಂದು ಬಣ್ಣದ ಅಂಟು. ಅದನ್ನು ನೋಡಿ ಎರಡೂ ಸೋರಿವೆ ಎಂದುಕೊಂಡೆ. ನಿಜಕ್ಕೂ ಅದು ಕೆಪಾಸಿಟರ್ ಅಲುಗದಂತೆ ಕಾರ್ಖಾನೆಯಲ್ಲಿ ಹಾಕಿದ ಗೋಂದು. ಹಾಗಂತ ಬಿಟ್ಟುಬಿಡುವಂತಿಲ್ಲ. ಈ ಗೋಂದುಗಳಲ್ಲಿ ಕೆಲವು ವರ್ಷಗಟ್ಟಲೆ ಬಿಸಿ ತಿಂದು ಕಪ್ಪಾದ ಮೇಲೆ ಕರೆಂಟ್ ಹರಿಯಲು ಬಿಡುತ್ತವೆ, ಹತ್ತಿರದ ಕಾಲುಗಳನ್ನು ತುಕ್ಕು ಹಿಡಿಸುತ್ತವೆ. ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಕೆರೆದು ತೆಗೆದೆ.

ಬೋರ್ಡಿನಲ್ಲಿ ಪ್ಲಸ್ 38 ಮತ್ತು ಮೈನಸ್ 38 ವೋಲ್ಟ್ ಇತ್ತು. ಮೀಟರನ್ನು ಎಸಿಗೆ ತಿರುಗಿಸಿ ಅಳೆದೆ. ಒಂದು ಕಡೆ ಏರಿಳಿತ 0.2 ವೋಲ್ಟ್, ಉಬ್ಬಿದ ಕಡೆ 1.9. ಇನ್ನೇನು ಸಾಕ್ಷಿ ಬೇಕು?

ಇಲ್ಲಿ ಒಂದು ಮಾತು. ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಕೂತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡವೇ ಬೇಡ. ನಾನು 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಎರಡು ಕ್ಲಿಪ್ ಹಾಕಿ, ಒಂದೊಂದಕ್ಕೂ ಅರ್ಧ ನಿಮಿಷ ಹಿಡಿದೆ. ಆಮೇಲೂ ಮೀಟರಿನಲ್ಲಿ ನೋಡಿಯೇ ಕೈ ಹಾಕಿದೆ. ಗೋಡೆಯ ಕರೆಂಟ್ ಓಡುವ ಭಾಗದ ಬಗ್ಗೆ ಅಭ್ಯಾಸ ಇಲ್ಲದವರು ಈ ಕೆಲಸವನ್ನು ಗೊತ್ತಿರುವವರಿಗೆ ಕೊಡಿ. ಕೆಪಾಸಿಟರ್ ಬದಲಿಸುವುದು ರಿಪೇರಿಯವರಿಗೆ ದೊಡ್ಡ ಕೆಲಸವಲ್ಲ.

ಮೊದಲು ತಂದ ಹೊಸ ಕೆಪಾಸಿಟರ್ ಜೋಡಿ ಕೂರಲಿಲ್ಲ. ಹಳೆಯವುಗಳ ಅಗಲ 25 ಮಿಲಿಮೀಟರ್, ತಂದದ್ದು 30. ಅಳೆಯದೆ ಹೋಗಿದ್ದೆ. ಎರಡನೇ ಸಲ ಅಗಲ, ಎತ್ತರ, ಕಾಲುಗಳ ನಡುವಿನ ಅಂತರ ಮೂರನ್ನೂ ಬರೆದುಕೊಂಡು ಹೋದೆ. ಅಳತೆ ಅದೇ 4700, ವೋಲ್ಟೇಜ್ 63, ಬಿಸಿ ತಡೆಯುವ ಶಕ್ತಿ 85 ಡಿಗ್ರಿ ಬದಲು 105. ಮೈಕ್ರೊಫ್ಯಾರಡ್ ಜಾಸ್ತಿ ಮಾಡಿದರೆ ಒಳ್ಳೆಯದಲ್ವಾ ಎಂದು ಕೆಲವರು ಕೇಳುತ್ತಾರೆ. ಆನ್ ಮಾಡಿದ ಕ್ಷಣ ಬ್ರಿಡ್ಜ್ ಮೇಲೆ ಬೀಳುವ ಹೊರೆಯೂ ಅಷ್ಟೇ ಜಾಸ್ತಿಯಾಗುತ್ತದೆ. ನಾನು ಆ ಕಡೆ ಹೋಗಲಿಲ್ಲ.

ಕೂರಿಸುವಾಗ ಮೈನಸ್ 38 ಕಡೆಯ ಕೆಪಾಸಿಟರ್ ಬಗ್ಗೆ ಎಚ್ಚರ. ಅದರ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು. ಎರಡನ್ನೂ ಒಂದೇ ದಿಕ್ಕಿಗೆ ಸುಮ್ನೆ ತೂರಿಸಿದರೆ ಒಂದು ಸಿಡಿಯುತ್ತದೆ. ಬಿಚ್ಚುವ ಮೊದಲೇ ಫೋಟೊ ತೆಗೆದಿದ್ದು ಇಲ್ಲಿ ಕೆಲಸಕ್ಕೆ ಬಂತು. ಮೊದಲ ಸಲ ಆನ್ ಮಾಡಿದ್ದು ಸರಣಿಯಲ್ಲಿ 60 ವ್ಯಾಟ್‌ನ ಹಳೇ ತಂತಿ ಬಲ್ಬ್ ಇಟ್ಟು. ಬಲ್ಬ್ ಒಂದು ಸಲ ಮಿಂಚಿ, ಮಂಕಾಯಿತು. ಅಂದರೆ ಒಳಗೆ ಶಾರ್ಟ್ ಇಲ್ಲ. ಬಲ್ಬ್ ತೆಗೆದು ನೇರ ಕೊಟ್ಟೆ. ಕಿವಿಯನ್ನು ಕೋನ್‌ಗೆ ಅಂಟಿಸಿದರೂ ಏನೂ ಇಲ್ಲ. ಎಷ್ಟೋ ತಿಂಗಳ ಮೇಲೆ ರೂಮು ನಿಶ್ಶಬ್ದವಾಯಿತು. ಸುಮಾರು ಹೊತ್ತು ಹಾಗೇ ಕೂತಿದ್ದೆ.

ಮರುದಿನ ಎಲ್ಲ ಕೇಬಲ್ ಜೋಡಿಸಿದಾಗ ತುಂಬಾ ಸಣ್ಣಗೆ 50 ಹರ್ಟ್ಝ್ ಕೇಳಿಸಿತು. ಇದು ಗ್ರೌಂಡ್ ಲೂಪ್. ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಉಪಕರಣ) ಮತ್ತು ಸಬ್‌ವೂಫರ್ ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ತಂದೆ, ಹೋಯಿತು. ಅರ್ಥ್ ಪಿನ್ ಮುರಿದು ಈ ಸದ್ದು ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಪಿನ್ ಇರುವುದು ಜೀವ ಉಳಿಸುವುದಕ್ಕೆ.

ನಾಲ್ಕನೇ ವಾರ: ನಿದ್ದೆ

ಸಣ್ಣ ದನಿಯಲ್ಲಿ ಏಳದಿರುವುದಕ್ಕೆ ಖರ್ಚೇ ಆಗಲಿಲ್ಲ. ಸಬ್‌ವೂಫರ್‌ನ ಗೇನ್ (ಬಂದ ಸಿಗ್ನಲ್ಲನ್ನು ಹಿಗ್ಗಿಸುವ) ತಿರುಪು ಮುಕ್ಕಾಲು ಭಾಗ ತಿರುಗಿತ್ತು. ಅದಕ್ಕೆ ತಕ್ಕಂತೆ ರಿಸೀವರ್ ತನ್ನ ಕಡೆಯಿಂದ ಮಟ್ಟವನ್ನು ಮೈನಸ್ 9 ಡೆಸಿಬೆಲ್‌ಗೆ ಇಳಿಸಿಟ್ಟಿತ್ತು. ಹೀಗಾದರೆ ಕೇಬಲ್‌ನಲ್ಲಿ ಬರುವ ಸಿಗ್ನಲ್ಲೇ ಬಡಕಲು. ಎಬ್ಬಿಸುವ ಸರ್ಕ್ಯೂಟ್ ನೋಡುವುದು ಆ ಸಿಗ್ನಲ್ಲನ್ನೇ. ಗೇನ್ ಇಳಿಸಿ ರಿಸೀವರ್‌ನ ಸ್ವಯಂ ಅಳತೆಯನ್ನು ಮತ್ತೆ ಮಾಡಿಸಿದೆ. ರಿಸೀವರ್ ಈಗ ಮೈನಸ್ 2ರಲ್ಲಿ ನಿಂತಿದೆ. ಒಟ್ಟು ಜೋರು ಅಷ್ಟೇ, ಆದರೆ ಪೆಟ್ಟಿಗೆ ತಕ್ಷಣ ಏಳುತ್ತದೆ.

ಅದೇ ದಿನ ಇನ್ನೊಂದು ತಪ್ಪು ಸಿಕ್ಕಿತು. ಪೆಟ್ಟಿಗೆಯ ಹಿಂದಿನ ಕ್ರಾಸ್‌ಓವರ್ ತಿರುಪು (ಎಷ್ಟು ಹರ್ಟ್ಝ್‌ಗಿಂತ ಮೇಲಿನ ಸ್ವರವನ್ನು ಕತ್ತರಿಸಬೇಕು ಎಂದು ಹೇಳುವುದು) 80ರಲ್ಲಿತ್ತು. ರಿಸೀವರ್ ಕೂಡ 80ರಲ್ಲಿ ಕತ್ತರಿಸುತ್ತದೆ. ಎರಡು ಫಿಲ್ಟರ್ ಒಂದರ ಮೇಲೊಂದು ಕೂತು 60ರಿಂದ ಮೇಲಿನ ಬೇಸನ್ನು ತಿಂದುಹಾಕುತ್ತಿದ್ದವು. ಹಿಂದಿನದನ್ನು ಗರಿಷ್ಠಕ್ಕೆ ತಿರುಗಿಸಿ ಕೆಲಸವನ್ನು ರಿಸೀವರ್‌ಗೆ ಬಿಟ್ಟೆ.

ಐದನೇ ವಾರ: ಸೋಫಾದಲ್ಲಿ ಬೇಸ್ ಎಲ್ಲಿ ಹೋಯಿತು?

ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಗೆಳೆಯರೊಬ್ಬರಿಂದ ಯುಎಸ್‌ಬಿ ಅಳತೆ ಮೈಕ್ ಎರವಲು ತಂದೆ. ರೂಮ್ ಇಕ್ಯೂ ವಿಝರ್ಡ್ ಎಂಬ ಸಾಫ್ಟ್‌ವೇರ್ ಉಚಿತ. ಲ್ಯಾಪ್‌ಟಾಪ್‌ನಿಂದ 15ರಿಂದ 200 ಹರ್ಟ್ಝ್ ತನಕ ಏರುತ್ತಾ ಹೋಗುವ ಸ್ವರ (ಸ್ವೀಪ್) ಓಡಿಸಿದೆ. ಮೈಕ್ ಸೋಫಾದಲ್ಲಿ, ಕಿವಿ ಇರುವ ಎತ್ತರದಲ್ಲಿ. ಗ್ರಾಫ್ ಬಂದಾಗ 40ರ ಹತ್ತಿರ ಒಂದು ಬಾವಿಯೇ ಇತ್ತು. ಸುತ್ತಲಿಗಿಂತ 15 ಡೆಸಿಬೆಲ್ ಆಳ.

ಟೇಪ್ ತಂದು ರೂಮು ಅಳೆದೆ. ಉದ್ದ 4.3 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 40 ಹರ್ಟ್ಝ್ ಬರುತ್ತದೆ. ಅಂದರೆ 40 ಹರ್ಟ್ಝ್‌ನ ಅರ್ಧ ಅಲೆ ಈ ರೂಮಿನ ಉದ್ದಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. ಎರಡು ಗೋಡೆಗಳ ಬಳಿ ಒತ್ತಡ ಜಾಸ್ತಿ, ನಟ್ಟ ನಡುವೆ ಹೆಚ್ಚುಕಡಿಮೆ ಸೊನ್ನೆ. ನನ್ನ ಸೋಫಾ ಎಲ್ಲಿತ್ತು? ಮುಂದಿನ ಗೋಡೆಯಿಂದ 2.15 ಮೀಟರ್. ನಟ್ಟ ನಡುವೆ! ಬಾಗಿಲು ಇರುವುದು ಹಿಂದಿನ ಗೋಡೆಯಲ್ಲಿ. ಅಲ್ಲಿ ನಿಂತಾಗ ಎದೆ ನಡುಗಿದ್ದು ಯಾಕೆ ಎಂದು ಈಗ ಅರ್ಥವಾಯಿತು.

ಇದನ್ನು ಈಕ್ವಲೈಝರ್‌ನಿಂದ ತುಂಬಿಸಲು ಆಗುವುದಿಲ್ಲ. 10 ಡೆಸಿಬೆಲ್ ಏರಿಸಬೇಕಾದರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು. ಅಷ್ಟು ಕೊಟ್ಟರೂ ಗೋಡೆಯಿಂದ ತಿರುಗಿ ಬರುವ ಅಲೆಯೂ ಅಷ್ಟೇ ಬಲವಾಗಿ ಬಂದು ಅಳಿಸಿಹಾಕುತ್ತದೆ. 12 ಇಂಚಿನ ಡ್ರೈವರ್ ತಂದಿದ್ದರೂ ಇದೇ ಕಥೆ ಆಗುತ್ತಿತ್ತು. ಸೋಫಾವನ್ನು 60 ಸೆಂಟಿಮೀಟರ್ ಹಿಂದೆ ತಳ್ಳಿ ಮತ್ತೆ ಅಳೆದೆ. ಬಾವಿಯ ಆಳ 15ರಿಂದ 5ಕ್ಕೆ ಬಂತು. ಖರ್ಚು ಏನೂ ಇಲ್ಲ.

ಇನ್ನು ಪೆಟ್ಟಿಗೆಯ ಜಾಗ. ಹಳೆಯ ಉಪಾಯವನ್ನೇ ಮಾಡಿದೆ: ಸಬ್‌ವೂಫರನ್ನು ಎತ್ತಿ ಸೋಫಾದ ಮೇಲಿಟ್ಟು, ಬೇಸ್ ಗಿಟಾರ್‌ನ ಏರಿಳಿತ ಚೆನ್ನಾಗಿರುವ ಒಂದು ತುಣುಕನ್ನು ಮತ್ತೆ ಮತ್ತೆ ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟೆ. ಎಲ್ಲ ಸ್ವರಗಳೂ ಸಮನಾಗಿ ಕೇಳಿದ ಕಡೆ ನೆಲಕ್ಕೆ ಟೇಪ್ ಅಂಟಿಸಿದೆ. ಆ ಜಾಗ ಮುಂದಿನ ಗೋಡೆಯ ನಡುಭಾಗ. ಮೊದಲು ಅದು ಮೂಲೆಯಲ್ಲಿತ್ತು. ಮೂಲೆಯಲ್ಲಿ ಜೋರು ಜಾಸ್ತಿ, ನಿಜ. ಆದರೆ ಅಲ್ಲಿಂದ ರೂಮಿನ ಅಗಲದ ಅಲೆಯೂ ಎದ್ದು, ಸೋಫಾದ ತುದಿಯಲ್ಲಿ ಕೂತವರಿಗೂ ನಡುವೆ ಕೂತವರಿಗೂ 50ರ ಸುತ್ತ 9 ಡೆಸಿಬೆಲ್ ವ್ಯತ್ಯಾಸ ಬರುತ್ತಿತ್ತು. ಈಗ 3. ಟಿವಿ ಸ್ಟ್ಯಾಂಡನ್ನು ಸ್ವಲ್ಪ ಸರಿಸಬೇಕಾಯಿತು, ಅಷ್ಟೇ.

ಜಾಗ ಬದಲಿಸಿದ ಮೇಲೆ ರಿಸೀವರ್‌ನ ಸ್ವಯಂ ಅಳತೆ ಮತ್ತೆ ಓಡಿಸಿದೆ. ಸಬ್‌ವೂಫರ್ 3.9 ಮೀಟರ್ ದೂರ ಎಂದಿತು. ಟೇಪ್‌ನಲ್ಲಿ 2.6. ಇದು ತಪ್ಪಲ್ಲ. ಪೆಟ್ಟಿಗೆಯ ಫಿಲ್ಟರ್‌ಗಳಲ್ಲಿ ಸಿಗ್ನಲ್ ತಡವಾಗುತ್ತದೆ, ರಿಸೀವರ್ ಆ ತಡವನ್ನೂ ದೂರದ ಲೆಕ್ಕದಲ್ಲೇ ಹೇಳುತ್ತದೆ. ಅದನ್ನು ಟೇಪ್ ಅಳತೆಗೆ ಬದಲಿಸಬೇಡಿ.

ಸ್ವೀಪ್ ಓಡಿಸುವಾಗ 63 ಹರ್ಟ್ಝ್‌ನಲ್ಲಿ ಝರ್ ಎನ್ನುವ ಸದ್ದು ಬಂತು. ಪೆಟ್ಟಿಗೆ ಎಂದುಕೊಂಡು ಎಲ್ಲ ಸ್ಕ್ರೂ ಬಿಗಿ ಮಾಡಿದೆ. ಕೊನೆಗೆ 63ನ್ನೇ ನಿಲ್ಲಿಸಿಟ್ಟು ರೂಮಿನಲ್ಲಿ ಒಂದೊಂದು ವಸ್ತುವಿನ ಮೇಲೂ ಕೈ ಇಡುತ್ತಾ ಹೋದೆ. ಕಪಾಟಿನ ಗಾಜಿನ ಬಾಗಿಲು. ಎರಡು ಚೂರು ಫೆಲ್ಟ್ ಅಂಟಿಸಿದೆ.

ಆರನೇ ವಾರ: ಎರಡನೇ ಪೆಟ್ಟಿಗೆ

ಈಗ ನಿಜವಾದ ಅಪ್‌ಗ್ರೇಡ್. ಉಳಿದ 5 ಡೆಸಿಬೆಲ್ ಹೋಗಬೇಕಾದರೆ ಇನ್ನೊಂದು ಸಬ್‌ವೂಫರ್ ಬೇಕು. ಆಡಿಯೊ ಕಂಪನಿ ಹರ್ಮನ್‌ನ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಕೆಲಸದಲ್ಲಿ, ಎದುರುಬದುರು ಗೋಡೆಗಳ ನಡುಭಾಗದಲ್ಲಿ ಎರಡು ಇಟ್ಟರೆ ಸೀಟಿಂದ ಸೀಟಿಗೆ ಬೇಸ್ ಚೆನ್ನಾಗಿ ಸಮವಾಗುತ್ತದೆ ಎಂದು ತೋರಿಸಿದ್ದಾರೆ. ನನ್ನ ರೂಮಿನಲ್ಲಿ ಮುಂದಿನ ಮತ್ತು ಹಿಂದಿನ ಗೋಡೆಯಿಂದ ಒಟ್ಟಿಗೆ ತಳ್ಳಿದರೆ, ಆ 40 ಹರ್ಟ್ಝ್ ಅಲೆ ಏಳುವುದಕ್ಕೇ ಆಗುವುದಿಲ್ಲ.

ಗೆಳೆಯರ ಕಾರಿನಿಂದ ಕಳಚಿದ 12 ಇಂಚಿನ ಡ್ರೈವರ್ ಪುಕ್ಕಟೆ ಸಿಕ್ಕಿತು. ಅದರ ಎಫ್‌ಎಸ್ (ಕೋನ್ ತಾನಾಗಿ ನಡುಗುವ ಸ್ವರ) 26 ಹರ್ಟ್ಝ್, ಕ್ಯೂಟಿಎಸ್ (ಆ ನಡುಕ ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ) 0.45, ವಿಎಎಸ್ (ಕೋನ್‌ನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ) 60 ಲೀಟರ್. 45 ಲೀಟರ್‌ನ ಮುಚ್ಚಿದ ಪೆಟ್ಟಿಗೆಗೆ ಲೆಕ್ಕ ಹಾಕಿದರೆ ಕ್ಯೂ 0.69, ಅನುರಣನೆ ಸುಮಾರು 40 ಹರ್ಟ್ಝ್. ಬೇಸ್ ಎಲ್ಲೂ ಉಬ್ಬದೆ ಸಮನಾಗಿ ಬರುವ 0.707ಕ್ಕೆ ಇಷ್ಟು ಹತ್ತಿರ ಬಂದದ್ದು ಅದೃಷ್ಟ. ಇದಕ್ಕಿಂತ ಚಿಕ್ಕ ಪೆಟ್ಟಿಗೆ ಮಾಡಿ, ಆಳವೂ ಬೇಕು, ಜೋರೂ ಬೇಕು ಎಂದರೆ ಆಗದು. ಸ್ಪೀಕರ್ ಮಾಡುವ ಕೆಎಲ್‌ಎಚ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹಾಫ್‌ಮನ್ ಹೆಸರಿನ ನಿಯಮವೇ ಇದೆ: ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಶಕ್ತಿಗೆ ಹೆಚ್ಚು ಶಬ್ದ, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ.

18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿ, ಒಳಗೆ ಒಂದು ಅಡ್ಡಪಟ್ಟಿ ಕೊಟ್ಟು, ನಿನ್ನೆ ಅಂಟು ಹಾಕಿದ್ದೇನೆ. ಕ್ಲಾಂಪ್ ಸಾಲದೆ ಹಳೇ ಬೆಲ್ಟ್‌ಗಳಿಂದ ಬಿಗಿದಿದ್ದೇನೆ. ಓಡಿಸಲು ಮನೆಯಲ್ಲೇ ಇದ್ದ ಹಳೇ ಸ್ಟಿರಿಯೊ ಆಂಪ್ಲಿಫೈಯರ್‌ನ ಒಂದು ಚಾನೆಲ್ ಸಾಕು.

ನನಗೆ ಒಂದೇ ಚಿಂತೆ. ಹಳೆಯದು ಪೋರ್ಟ್ ಇರುವ ಪೆಟ್ಟಿಗೆ, 34 ಹರ್ಟ್ಝ್‌ಗೆ ಟ್ಯೂನ್ ಆಗಿದೆ. ಆ ಸ್ವರ ಕೊಟ್ಟಾಗ ಕೋನ್ ಹೆಚ್ಚುಕಡಿಮೆ ನಿಂತು, ಪೋರ್ಟ್‌ನಿಂದ ಗಾಳಿ ಬೀಸುವುದನ್ನು ನೋಡಿಯೇ ಕಂಡುಕೊಂಡೆ. ಹೊಸದು ಮುಚ್ಚಿದ್ದು. 34ರ ಸುತ್ತ ಎರಡು ಪೆಟ್ಟಿಗೆಗಳ ಫೇಸ್ (ಅಲೆ ಏರಿ ಇಳಿಯುವ ಹೊತ್ತು) ಬೇರೆ ಬೇರೆ ಇರುತ್ತದೆ, ಒಂದನ್ನೊಂದು ಕಡಿಯಬಹುದು. ಹಾಗಾಗಿ ಮೊದಲು ಒಂದೊಂದನ್ನೇ, ಆಮೇಲೆ ಜೋಡಿಯನ್ನು ಅಳೆಯುತ್ತೇನೆ. 34ರ ಹತ್ತಿರ ಜೋಡಿ ಒಂಟಿಗಿಂತ ಕೆಳಗೆ ಬಿದ್ದರೆ ಹಳೆಯದರ ಪೋರ್ಟ್‌ಗೆ ಬಿಗಿಯಾಗಿ ಫೋಮ್ ತುರುಕಿ ಅದನ್ನೂ ಮುಚ್ಚಿದ ಪೆಟ್ಟಿಗೆ ಮಾಡಿ ನೋಡುವುದು. ಮೈಕ್ ಇನ್ನೂ ಎರಡು ವಾರ ನನ್ನ ಬಳಿ ಇರುತ್ತದೆ. ಅಂಟು ನಾಳೆ ಬೆಳಿಗ್ಗೆಗೆ ಒಣಗುತ್ತದೆ.